ಲೇಯತ್ತೆ ತಿನ್ನದ ರೊಟ್ಟಿ

ಕಪ್ಪು ಒಣದ್ರಾಕ್ಷಿಯನ್ನು ನೆನೆಹಾಕಿ ಕುದಿಸಿದರೆ ಒಂದು ವಾಸನೆ ಏಳುತ್ತದೆ. ಅರ್ಧ ಬೆಲ್ಲದ ಪಾಕದ್ದು, ಅರ್ಧ ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆಯದು. ಹೋದ ತಿಂಗಳು ನಮ್ಮ ಕಟ್ಟಡದ ಕೆಳಮಹಡಿಯ ಮರಾಠಿ ಬಾಯಿ, ಮಗಳಿಗೆ ರಕ್ತ ಕಡಿಮೆಯಾಗಿದೆಯೆಂದು ಒಲೆಯ ಮೇಲೆ ಒಣದ್ರಾಕ್ಷಿ ಇಟ್ಟಿದ್ದರು. ಆ ಆವಿ ಮೆಟ್ಟಿಲು ಹತ್ತಿಕೊಂಡು ನನ್ನ ಬಾಗಿಲಿಗೇ ಬಂತು. ತರಕಾರಿ ಚೀಲ ಕೆಳಗಿಟ್ಟು ಬೀಗ ತೆಗೆಯುತ್ತಿದ್ದ ನಾನು, ಐವತ್ತು ದಾಟಿದ, ಮೊಣಕಾಲು ನೋವಿನ, ಸುಲಭಕ್ಕೆ ಕಣ್ಣೀರು ಹಾಕದ ಹೆಂಗಸು, ಬೀಗದ ಕೈ ಹಿಡಿದುಕೊಂಡೇ ಅತ್ತುಬಿಟ್ಟೆ. “ಕಾಯ್ ಝಾಲಂ ತಾಈ?” ಏನಾಯಿತಕ್ಕಾ ಎಂದು ಆಕೆ ಕೆಳಗಿನಿಂದ ಕೂಗಿದರು. ಏನಿಲ್ಲ, ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ತಾಗಿತು ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಹೇಳಿದ ಒಂದು ಸುಳ್ಳನ್ನು ಇವತ್ತಿಗೂ ಹೊತ್ತುಕೊಂಡು ಓಡಾಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೆ ಒಂದು ವಾಸನೆಗೆ ಅಂಟಿಕೊಂಡ ಒಬ್ಬರು ಇದ್ದಿರಬೇಕು; ಇದ್ದರೆ, ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ನಮ್ಮ ಮನೆ ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿತ್ತು. ಎರಡು ಕೋಣೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ, ಹೊರಗೆ ಎಂಟು ಮನೆಗಳಿಗೆ ಒಂದು ನಲ್ಲಿ. ಬೆಳಿಗ್ಗೆ ಕಾರ್ಖಾನೆಯ ಸೈರನ್ನು, ಆ ಭೋಂಗಾ, ಕೂಗಿದರೆ ಹಲಗೆಯ ಮೇಲಿನ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಅಪ್ಪ ಅಲ್ಲಿ ಫಿಟ್ಟರ್, ಅವ್ವ ದವಾಖಾನೆಯೊಂದರಲ್ಲಿ ಆಯಾ. ಹೀಗಾಗಿ ಮನೆ ಎಂದರೆ ನನಗೆ ಲೇಯತ್ತೆ. ಆಕೆ ಅಪ್ಪನ ಅಕ್ಕ. ಬೆಟಗೇರಿಯ ಹಳೆಯ ಕ್ರೈಸ್ತರ ಓಣಿಯಲ್ಲಿ ಹುಟ್ಟಿ, ಹದಿನೆಂಟು ತುಂಬುವುದರೊಳಗೆ ಗಂಡನನ್ನು ಮಣ್ಣಿಗೆ ಕೊಟ್ಟು, ತಾಯಿಯಿಲ್ಲದ ತಮ್ಮನನ್ನು ನೇಕಾರರ ಮನೆಗಳಲ್ಲಿ ನೂಲು ಸುತ್ತಿ ಓದಿಸಿದವಳು. ತಮ್ಮನಿಗೆ ಪುಣೆಯಲ್ಲಿ ನೌಕರಿಯಾದಾಗ ಒಂದು ಟ್ರಂಕು, ಒಂದು ಹಿತ್ತಾಳೆಯ ಬೋಗುಣಿ ಹಿಡಿದುಕೊಂಡು ಬಂದವಳು ಮತ್ತೆ ತಿರುಗಿ ಹೋಗಲಿಲ್ಲ. ಆಕೆಯ ಮರಾಠಿ ಕೇಳಿದರೆ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಎಲ್ಲ ಮಾತಿಗೂ ಒಂದು ‘ರೀ’ ಅಂಟಿಸಿಬಿಡುತ್ತಿದ್ದಳು. ಆದರೆ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಮಗುವಿಗೆ ಜ್ವರ ನೆತ್ತಿಗೇರಿದರೂ ಮೊದಲು ತಟ್ಟುತ್ತಿದ್ದದ್ದು ನಮ್ಮ ಕದವನ್ನೇ.

ಟೈರಿನ ಅಂಗಡಿಯೊಂದರ ಹಿಂದಿನ ತಗಡಿನ ಹಾಲಿನಲ್ಲಿ ನಮ್ಮ ಸಭೆ ಸೇರುತ್ತಿತ್ತು. ಹದಿನೈದಿಪ್ಪತ್ತು ಕನ್ನಡ ಕುಟುಂಬಗಳು, ಒಂದು ಹಾರ್ಮೋನಿಯಂ, ಬಿಸಿಲಿಗೆ ಕರಗಿದ ರಬ್ಬರಿನ ನಾತ. ಅಪ್ಪ ಆ ಸಭೆಯ ಹಿರಿಯ. ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನ. ಅದಕ್ಕೆ ಬೇಕಾದ ರೊಟ್ಟಿಯೂ ದ್ರಾಕ್ಷಾರಸವೂ ನಮ್ಮ ಮನೆಯಿಂದಲೇ ಹೋಗಬೇಕು, ಅಂದರೆ ಲೇಯತ್ತೆಯ ಕೈಯಿಂದ. ಗುರುವಾರ ಒಣದ್ರಾಕ್ಷಿಯನ್ನು ಹಿತ್ತಾಳೆಯ ಬೋಗುಣಿಯಲ್ಲಿ ನೆನೆಹಾಕಿ, ಶನಿವಾರ ಕುದಿಸಿ, ತೆಳು ಪಂಚೆಯಲ್ಲಿ ಹಿಂಡಿ ಬಾಟಲಿಗೆ ತುಂಬುತ್ತಿದ್ದಳು. ಹುಳಿ ಹಾಕದ ಗೋಧಿ ಹಿಟ್ಟನ್ನು ಲಟ್ಟಿಸಿ ಹೆಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬೇಯಿಸುತ್ತಿದ್ದಳು. ಅಷ್ಟು ಮಾಡಿಯೂ ಒಂದು ಹನಿ ನಾಲಿಗೆಗೆ ಸೋಕಿಸುತ್ತಿರಲಿಲ್ಲ. ಬೆರಳಿಗಂಟಿದ ರಸವನ್ನು ಕೂಡ ನೆಕ್ಕದೆ ನೀರಿಗೆ ಹಿಡಿಯುತ್ತಿದ್ದಳು. “ಸಿಹಿ ಆಗೇದೇನ ನೋಡವ್ವಾ ಸುನೀತಾ,” ಎಂದು ಚಮಚೆಯನ್ನು ನನ್ನ ಬಾಯಿಗಿಡುತ್ತಿದ್ದಳು. ಭಾನುವಾರ ತಟ್ಟೆ ತನ್ನ ಬಳಿ ಬಂದಾಗ ಎರಡೂ ಕೈಯಿಂದ ಹಿಡಿದು ಪಕ್ಕದವರಿಗೆ ದಾಟಿಸಿ, ಒಂದು ಚೂರು ಕೂಡ ಅಂಟಿರಬಾರದೆಂಬಂತೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಏಕೆಂದರೆ ಆಕೆ ಸಾಕ್ಷಿ ಹೇಳಿರಲಿಲ್ಲ. ನಮ್ಮ ಸಭೆಯಲ್ಲಿ ಆ ಭೋಜನದ ಮೇಜಿಗೆ ಸೇರಬೇಕಾದವರು ಎಲ್ಲರ ಮುಂದೆ ನಿಂತು, ತಮಗೆ ರಕ್ಷಣೆಯಾದ ದಿನ, ಹೊತ್ತು, ಜಾಗವನ್ನು ಹೇಳಬೇಕಿತ್ತು. ಮನುಷ್ಯ ಒಳ್ಳೆಯ ಕೆಲಸದಿಂದ ಉಳಿಯುವುದಿಲ್ಲ, ನಂಬಿಕೆಯಿಂದ ಉಳಿಯುತ್ತಾನೆ, ಅದು ಕೂಡ ಪುಕ್ಕಟೆ ಸಿಗುವ ಕೃಪೆ ಎಂಬುದು ಅಪ್ಪನ ಉಸಿರು. “ಎಷ್ಟ ದುಡದ್ರೂ ಪಾಸ್ ಇಲ್ಲದವನ್ನ ಗೇಟಿನೊಳಗ ಬಿಡ್ತಾರೇನ್ರಿ?” ಎಂದು ಕಾರ್ಖಾನೆಯ ಭಾಷೆಯಲ್ಲೇ ಬೋಧಿಸುತ್ತಿದ್ದರು. ಮನೆಯ ದೊಡ್ಡ ಗ್ರಂಥದ ಮೊದಲ ಹಾಳೆಯಲ್ಲಿ ಎಲ್ಲರ ಹೆಸರಿನ ಮುಂದೆ ಹುಟ್ಟಿದ ತಾರೀಖು ನೀಲಿ ಶಾಯಿಯಲ್ಲಿ, ಹೊಸದಾಗಿ ಹುಟ್ಟಿದ, ಅಂದರೆ ರಕ್ಷಣೆಯಾದ ತಾರೀಖು ಕೆಂಪು ಶಾಯಿಯಲ್ಲಿ ಇರುತ್ತಿತ್ತು. ಲೇಯತ್ತೆಯ ಕೆಂಪು ಜಾಗ ಖಾಲಿ. ದಿನಾ ಆ ಗ್ರಂಥದ ಧೂಳು ಒರೆಸುತ್ತಿದ್ದವಳೂ ಆಕೆಯೇ. ಪುಕ್ಕಟೆ ಕೊಡುವುದಕ್ಕೆ ಇಷ್ಟೊಂದು ತನಿಖೆ ಯಾಕೆ ಎಂದು ಈಗ ನನಗೆ ಸಿಟ್ಟು ಬರುತ್ತದೆ, ಆಗ ಬರುತ್ತಿರಲಿಲ್ಲ.

ಅಪ್ಪ ಕಟುಕರಲ್ಲ. ಅಕ್ಕನೆಂದರೆ ಅವರಿಗೆ ಪ್ರಾಣ. ಆಗದೆ ಇದ್ದದ್ದನ್ನು ಆಯಿತು ಎಂದು ಹೇಳಿ ಆ ರೊಟ್ಟಿ ತಿಂದವರು ತಮ್ಮ ಮೇಲೆ ದಂಡನೆ ತಂದುಕೊಳ್ಳುತ್ತಾರೆ ಎಂದು ಅವರು ನಂಬಿದ್ದರು, ಅದಕ್ಕೇ ಹೆದರುತ್ತಿದ್ದರು. “ಅಕ್ಕಾ, ಒಂದ ಸಲ ನಿನ್ನ ಮನಸ್ಸಿನ್ಯಾಗ ನೋಡು. ಆ ಗಳಿಗಿ ಬಂದೇ ಬಂದಿರ್ತದ,” ಎಂದು ಗೋಗರೆಯುತ್ತಿದ್ದರು. ಅತ್ತೆ ಅಕ್ಕಿ ಆರಿಸುತ್ತಲೇ ಹೇಳುತ್ತಿದ್ದಳು, “ನಾ ಅವನ್ನ ನಂಬೀನಿ ತಮ್ಮಾ. ಅವಂಗ ನಾ ಬೇಕಾಗೀನೋ ಇಲ್ಲೋ, ಅದು ಗೊತ್ತಾಗಿಲ್ಲ. ಗೊತ್ತಾಗದ ಹ್ಯಾಂಗ ಹೇಳ್ಲಿ?” ಅವ್ವನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. “ನಿಮ್ಮ ಸಭಾಕ್ಕ ಆಕಿ ಕೈಯಾನ ರೊಟ್ಟಿ ಬೇಕು, ಆಕಿ ಬ್ಯಾಡ,” ಎಂದು ಒಮ್ಮೆ ಅಂದಳು. ಅಪ್ಪ ಸೈಕಲ್ ಹತ್ತಿ ಡ್ಯೂಟಿಗೆ ಹೋದರು.

ನನಗೆ ಹನ್ನೊಂದು ತುಂಬಿದಾಗ ನನ್ನ ಸರದಿ ಬಂತು. ನನ್ನ ವಾರಿಗೆಯ ಮಕ್ಕಳೆಲ್ಲ ಹೇಳಿಯಾಗಿತ್ತು. ಹಿರಿಯನ ಮಗಳಾಗಿ ನಾನೊಬ್ಬಳೇ ಹಿಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕುಳಿತಿದ್ದೆ. ದಿನಾ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಭಾನುವಾರ ನಾನು ಎದ್ದು ನಿಂತೆ. ಅವರಿವರ ಸಾಕ್ಷಿಗಳಿಂದ ಒಂದೊಂದು ತುಂಡು ಕದ್ದು ಹೊಲಿದಿಟ್ಟುಕೊಂಡಿದ್ದೆ: ಹೋದ ಬುಧವಾರ ಮುಂಜಾನೆ ನಲ್ಲಿಯಿಂದ ನೀರು ತರುತ್ತಿದ್ದೆ, ಬಕೀಟು ಭಾರವಾಗಿತ್ತು, ನನ್ನ ಪಾಪಗಳು ನೆನಪಾದವು, ಎದೆ ಬೆಚ್ಚಗಾಯಿತು, ಬೆಳಕು ಬಂದಹಾಗಾಯಿತು, ಕೈಯ ಭಾರ ತಟ್ಟನೆ ಇಳಿದುಹೋಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಹಾರ್ಮೋನಿಯಂ ಶುರುವಾಯಿತು. ಅಪ್ಪ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೆಂಪು ಶಾಯಿಯ ಪೆನ್ನು ಹುಡುಕಿದರು. ಅಷ್ಟೂ ಮಾತಿನಲ್ಲಿ ನಿಜವಾದದ್ದು ಕೈಯ ಭಾರ ಇಳಿದದ್ದೊಂದೇ. ಅದು ಹೇಗೆ ಇಳಿಯಿತೆಂದು ನಾನು ಹೇಳಿರಲಿಲ್ಲ.

ಮುಂದಿನ ತಿಂಗಳು ಅತ್ತೆಯ ಬೆಂಚು ಬಿಟ್ಟು ಮುಂದೆ ಹೋಗಿ ಕುಳಿತು, ಆಕೆ ಬೇಯಿಸಿದ ರೊಟ್ಟಿಯನ್ನು ತಿಂದೆ. ದಂಡನೆ ಯಾವಾಗ ಬೀಳುತ್ತದೋ ಎಂದು ದಿನ ಎಣಿಸಿದೆ. ಹೊಟ್ಟೆ ನೋವು ಬಂದರೆ ಅದೇ, ಜಾರಿ ಬಿದ್ದರೆ ಅದೇ. ನನಗೆ ಏನೂ ಆಗಲಿಲ್ಲ. ಆ ಮಳೆಗಾಲದಲ್ಲಿ ಕಾಯಿಲೆ ಬಿದ್ದದ್ದು ಲೇಯತ್ತೆ. ಮೊದಲು ಅನ್ನ ಒಗ್ಗಲಿಲ್ಲ, ಆಮೇಲೆ ನೀರೂ ಒಗ್ಗಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ, ಬಹಳ ತಡವಾಗಿದೆ ಎಂದು ಅವ್ವನ ದವಾಖಾನೆಯ ಡಾಕ್ಟರು ಹೇಳಿದರಂತೆ. ನಾನು ಮಾಡಿದ ಪಾಪದ ಪೆಟ್ಟು ದಾರಿ ತಪ್ಪಿ ಪಕ್ಕದವಳಿಗೆ ಬಿದ್ದಿದೆ ಎಂದು ನನಗೆ ಖಚಿತವಾಯಿತು. ಅದನ್ನು ಯಾರ ಮುಂದೆ ಬಾಯಿಬಿಡಲಿ?

ಶಾಲೆ ಬಿಟ್ಟು ಬಂದರೆ ಮಧ್ಯಾಹ್ನವೆಲ್ಲ ಆಕೆಯ ಕಬ್ಬಿಣದ ಮಂಚದ ಪಕ್ಕ ನಾನೇ ಕೂರಬೇಕಿತ್ತು. ಆಕೆ ಕರಗುತ್ತಿದ್ದಳು, ಬಳೆಗಳು ಮೊಣಕೈವರೆಗೆ ಸರಿದು ಬೀಳುತ್ತಿದ್ದವು. ಓಣಿಯ ಹೆಂಗಸರು ಬಂದು, ತಮ್ಮ ಮಕ್ಕಳನ್ನು ಭೂಮಿಗೆ ತಂದ ಆ ಕೈಗಳನ್ನು ಹಿಡಿದುಕೊಂಡು ಕೂತು ಹೋಗುತ್ತಿದ್ದರು. ಯಾರೂ ಇಲ್ಲದಾಗ ಅತ್ತೆ ಒಂದೇ ಕೇಳುತ್ತಿದ್ದಳು. “ಯವ್ವಾ, ನಿನಗ ಬಂತಲ್ಲ, ಅದನ್ನ ಹೇಳು. ಎದಿ ಬೆಚ್ಚಗಾತು ಅಂದಿ. ಕೈಯಾನ ಭಾರ ಹೋತು ಅಂದಿ. ಹ್ಯಾಂಗ ಹೋತು?” ನಾನು ಮತ್ತೆ ಹೇಳುತ್ತಿದ್ದೆ. ದಿನದಿನಕ್ಕೆ ಬೆಳಕನ್ನು ಹೆಚ್ಚು ಮಾಡಿದೆ, ಹಾಡಿನ ದನಿಯೊಂದನ್ನು ಸೇರಿಸಿದೆ. ಆಕೆ ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ, ಅದು ತನಗೂ ಬರುತ್ತದೇನೋ ಎಂದು ಕಾಯುತ್ತಿದ್ದಳು. ಕೊನೆಗೆ ಕಣ್ಣು ತೆರೆದು, “ನನಗ ಅಂಥಾದ್ದು ಏನೂ ಆಗವಲ್ತು,” ಎನ್ನುತ್ತಿದ್ದಳು.

ಆ ಬುಧವಾರ ನಿಜವಾಗಿ ನಡೆದದ್ದು ಇಷ್ಟು. ನಾನು ತುಂಬಿದ ಬಕೀಟು ಎತ್ತಲಾರದೆ ಎರಡು ಹೆಜ್ಜೆಗೊಮ್ಮೆ ಇಳಿಸುತ್ತ ಬರುತ್ತಿದ್ದೆ. ಹಿಂದಿನಿಂದ ಲೇಯತ್ತೆ ಬಂದು, “ಬಿಡು, ನಿನ್ನ ಕೈ ಕಿತ್ತು ಬರ್ತಾವ,” ಎಂದು ಬಕೀಟನ್ನು ಕಸಿದುಕೊಂಡು ಮುಂದೆ ನಡೆದಳು. ನನ್ನ ಭಾರ ಇಳಿದದ್ದು ಹಾಗೆ. ಆಕೆಗೆ ಅದು ನೆನಪೂ ಇರಲಿಲ್ಲ; ದಿನಕ್ಕೆ ಹತ್ತು ಬಕೀಟು ಎತ್ತುವವಳಿಗೆ ಯಾವುದು ನೆನಪಿರುತ್ತದೆ? ನಾನು ಆಕೆಯನ್ನೇ ಕದ್ದು, ಬೆಳಕು ಹಚ್ಚಿ, ಆಕೆಯ ಮುಂದೆಯೇ ಹೇಳುತ್ತಿದ್ದೆ. ಆಕೆ ಅದನ್ನು ಗುರುತಿಸದೆ, ತನಗೇಕೆ ಬರಲಿಲ್ಲವೆಂದು ಅಳುತ್ತಿದ್ದಳು.

ಕೊನೆಯ ಗುರುವಾರ ಆಕೆ ಹಟ ಹಿಡಿದು ಬೋಗುಣಿಯನ್ನು ಮಂಚದ ಮೇಲೆ ತರಿಸಿಕೊಂಡು, ತಾನೇ ಒಣದ್ರಾಕ್ಷಿ ತೊಳೆದು ನೆನೆಹಾಕಿದಳು. ಶುಕ್ರವಾರ ಮಧ್ಯಾಹ್ನ ನಾನು ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಅತ್ತಿ, ನಾ ಹೇಳಿದ್ದು...” ಎಂದೆ. ಹೊರಗೆ ಅಪ್ಪನ ಸೈಕಲ್ ನಿಂತ ಸದ್ದಾಯಿತು. ನಾನು ಬಾಗಿಲ ಕಡೆ ನೋಡಿದೆ. ಆಕೆ ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, “ಇರ್ಲಿ ಬಿಡು. ನಿನಗರ ಬಂತಲ್ಲ, ಅಷ್ಟ ಸಾಕು,” ಎಂದಳು. ಅಪ್ಪ ಒಳಗೆ ಬಂದು ಮಂಚದ ಕಾಲಬಳಿ ಮೊಣಕಾಲೂರಿದರು. “ಅಕ್ಕಾ, ಒಂದ ಮಾತು ಹೇಳು,” ಎಂದರು. ಆಕೆ ಅವರ ತಲೆ ಸವರಿ, “ಸುಳ್ಳ ಹೇಳ್ಲಾ?” ಎಂದಳು. ಅಪ್ಪ ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಶನಿವಾರ ಬೆಳಿಗ್ಗೆ ಭೋಂಗಾ ಕೂಗುವ ಹೊತ್ತಿಗೆ ಆಕೆ ಹೋಗಿದ್ದಳು.

ಮಣ್ಣು ಭಾನುವಾರ ಮಧ್ಯಾಹ್ನಕ್ಕೆ ಎಂದು ತೀರ್ಮಾನವಾಯಿತು. ಅದು ತಿಂಗಳ ಮೊದಲ ಭಾನುವಾರ. ಆಕೆ ನೆನೆಹಾಕಿದ್ದ ದ್ರಾಕ್ಷಿಯನ್ನು ಹೆಣದ ಪಕ್ಕದ ಕೋಣೆಯಲ್ಲೇ ಅವ್ವ ಕುದಿಸಿ ಹಿಂಡಿದಳು. ಹಲ್ಲು ಕಚ್ಚಿಕೊಂಡಿದ್ದಳು. ಬೆಳಿಗ್ಗೆ ಸಭೆಯಲ್ಲಿ ಅಪ್ಪ ರೊಟ್ಟಿ ಮುರಿದರು. ತಟ್ಟೆ ನನ್ನ ಬಳಿಗೆ ಬಂತು. ನಾನು ಎರಡೂ ಕೈಯಿಂದ ಹಿಡಿದು ಪಕ್ಕದವರಿಗೆ ದಾಟಿಸಿದೆ, ಕೈಯನ್ನು ಲಂಗಕ್ಕೆ ಒರೆಸಿಕೊಂಡೆ. ತಲೆ ಎತ್ತಿದರೆ ಮೇಜಿನ ಹಿಂದೆ ನಿಂತ ಅಪ್ಪ ನನ್ನನ್ನೇ ನೋಡುತ್ತಿದ್ದರು. ನನ್ನ ಸಾಕ್ಷಿ ಸುಳ್ಳೆಂದು ಅವರಿಗೆ ತಿಳಿಯಿತು. ಆಮೇಲೆ ಬದುಕಿರುವವರೆಗೂ ಅವರು ಬೇರೆ ಎಲ್ಲರನ್ನೂ ದಿನ, ಹೊತ್ತು, ಜಾಗ ಕೇಳುತ್ತಲೇ ಇದ್ದರು. ನನ್ನನ್ನು ಮಾತ್ರ, ತಿನ್ನಲಿಲ್ಲವೇಕೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅದಕ್ಕೇ ಕೇಳಲಿಲ್ಲವೇನೋ.

ಈಗ ಟೈರಿನ ಅಂಗಡಿಯೂ ಇಲ್ಲ, ಹಾಲೂ ಇಲ್ಲ. ಕ್ವಾರ್ಟರ್ಸಿನ ನಮ್ಮ ಸಾಲು ಪಾಳುಬಿದ್ದು ಗೋಡೆಗಳಲ್ಲಿ ಅರಳಿಗಿಡ ಎದ್ದಿದೆ. ಅಪ್ಪ, ಅವ್ವ ಇಬ್ಬರೂ ಅತ್ತೆಯ ಮಗ್ಗುಲಲ್ಲೇ ಮಲಗಿದ್ದಾರೆ. ದೊಡ್ಡ ಗ್ರಂಥ ನನ್ನ ಕಪಾಟಿನಲ್ಲಿದೆ. ಅಪ್ಪ ತೀರಿಕೊಂಡ ವಾರವೇ ಅದರ ಮೊದಲ ಹಾಳೆ ತೆರೆದು, ನನ್ನ ಹೆಸರಿನ ಮುಂದಿನ ಕೆಂಪು ತಾರೀಖಿನ ಮೇಲೆ ಗೆರೆ ಎಳೆದೆ. ಅತ್ತೆಯ ಖಾಲಿ ಜಾಗದಲ್ಲಿ ಏನಾದರೂ ಬರೆಯಬೇಕೆನಿಸಿತು. ಅದನ್ನು ತುಂಬಲು ನಾನು ಯಾರು? ಹಾಗೇ ಮುಚ್ಚಿಟ್ಟೆ.

ಸತ್ತವರಿಗೆ ನಮ್ಮ ಮಾತು ತಲುಪುತ್ತದೆಂದು ನಮ್ಮ ಸಭೆ ಕಲಿಸಲಿಲ್ಲ. ಅವರಿಗಾಗಿ ಪ್ರಾರ್ಥಿಸುವುದೂ ನಮ್ಮಲ್ಲಿಲ್ಲ. ಬದುಕಿದ್ದಾಗ ಹೇಳಬೇಕು, ಆಮೇಲೆ ಬಾಗಿಲು ಮುಚ್ಚಿತು. ನಾನು ಕಲಿತದ್ದು ಅದನ್ನೇ, ನಂಬಿರುವುದೂ ಅದನ್ನೇ. ಆದರೂ ಹೋದ ತಿಂಗಳ ಆ ದಿನ ನನ್ನ ಬಾಗಿಲ ಮುಂದೆ, ಆ ಆವಿಯ ನಡುವೆ, ಬಾಯಿಂದ ತಾನಾಗಿ ಮಾತು ಬಂತು. ಬಕೀಟು ಇಸಕೊಂಡಾಕಿ ನೀನ ಅತ್ತಿ, ಎಂದೆ. ಕೇಳುವವರು ಅಲ್ಲಿ ಯಾರೂ ಇರಲಿಲ್ಲ.