ಯಾರೂ ಬರೆಯದ ಸೊನ್ನೆ

ಎರಡು ವರ್ಷದ ಹಿಂದೆ, ಶಾಲೆಗಳು ಮತ್ತೆ ತೆರೆದ ವಾರದಲ್ಲಿ ನಡೆದದ್ದು ಇದು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತಳಾದ ಮೇಲೆ, ಇಂದಿರಾನಗರದ ಒಂದು ಸಣ್ಣ ಆ್ಯಪ್ ಕಂಪನಿಯಲ್ಲಿ ಕನ್ನಡ ನೋಡಿಕೊಡುವ ಕೆಲಸಕ್ಕೆ ಸೇರಿದ್ದೆ. ಶಿವಾಜಿನಗರದ ಒಂದು ಧರ್ಮಾರ್ಥ ಚಿಕಿತ್ಸಾಲಯಕ್ಕೆ ನಾವು ಆ್ಯಪ್ ಮಾಡುತ್ತಿದ್ದೆವು. ಮೂರ್ಛೆರೋಗವಿರುವ ಮಕ್ಕಳ ತಾಯಂದಿರು ಫೋನ್ ತೆರೆದರೆ ಪ್ರತಿ ಔಷಧಿಗೂ ಒಂದು ಬಟನ್, ಅದರ ಮೇಲೆ ಎಷ್ಟು ಮಿಲಿಲೀಟರ್ ಕೊಡಬೇಕೆಂಬ ಅಂಕಿ. ವೈದ್ಯರು ಪ್ರಮಾಣ ಬದಲಿಸಿದರೆ ಅಂಕಿಯೂ ಬದಲಾಗುತ್ತಿತ್ತು. ಏಳು ಮನೆಗಳಲ್ಲಿ ಪ್ರಯೋಗ ನಡೆದಿತ್ತು.

ಬಟನ್‌ಗಳು ಮೊದಲು ಬರೀ ಬೂದು ಚೌಕಗಳಾಗಿದ್ದವು. ಅವುಗಳಿಗೆ ಬಟ್ಟೆ ತೊಡಿಸಿದವಳು ನಮ್ಮ ಡಿಸೈನರ್, ಹಲಸೂರಿನ ಸೆಲ್ವಿ.

"ಔಷಧಿ ಹೆಸ್ರು ಎಲ್ರಿಗೂ ಓದಕ್ಕೆ ಬರಲ್ಲ ಮೇಡಂ. ಬಟ್ಟೆ ಆದ್ರೆ ದೂರದಿಂದ್ಲೇ ಗುರುತು ಹಿಡೀತಾರೆ," ಎಂದಳು. ಗೋಣಿತಾಟು, ಚೌಕುಳಿ ಲುಂಗಿ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವಳ ಅಮ್ಮ ಕೊಂಡಿದ್ದ ಕೆಂಪು ಬಾಂಧನಿ ದುಪಟ್ಟಾ, ಹೀಗೆ ಒಂದೊಂದರ ಫೋಟೊ ತೆಗೆದು ಒಂದೊಂದು ಔಷಧಿಯ ಬಟನ್ನಿಗೆ ಹಿನ್ನೆಲೆಯಾಗಿ ಹಾಕಿದಳು. ನೆಲಕ್ಕೆ ಟೈಲ್ಸ್ ಹಾಕುವಂತೆ, ಒಂದು ತುಂಡು ಚಿತ್ರವನ್ನೇ ಬಟನ್ ತುಂಬ ಮತ್ತೆ ಮತ್ತೆ ಜೋಡಿಸುವುದು ಅದರ ಕ್ರಮ. ದುಪಟ್ಟಾದ ಕೆಂಪಿನಲ್ಲಿ ಸಣ್ಣ ಚುಕ್ಕಿಗಳ ನಡುವೆ ಅಲ್ಲಲ್ಲಿ ಒಂದು ದೊಡ್ಡ ಬಿಳಿ ಉಂಗುರವಿತ್ತು. ನೋಡಲು ಚೆನ್ನಾಗಿಯೇ ಇತ್ತು.

ಅಂಕಿ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವಳು ನಾನು.

"ಇಂಗ್ಲಿಷ್ ನಂಬರ್ ಇರ್ಲಿ ಮೇಡಂ, ಬಸ್ಸಲ್ಲೂ ಅದೇ ತಾನೆ ಇರೋದು?"

"ಬಸ್ ತಪ್ಪಿದ್ರೆ ಇನ್ನೊಂದು ಬರುತ್ತೆ ಸೆಲ್ವಿ. ಅಂಕಿ ಮರೆತ್ರೆ ಮತ್ತೆ ಬರಲ್ಲ."

"ಸರಿ ಗುರುವೇ," ಎಂದು ಕೈಮುಗಿದು ನಕ್ಕಳು.

ಪದಗಳನ್ನೂ ಅಂಕಿಗಳನ್ನೂ ಬಿಳಿ ಹಾಳೆಯಲ್ಲಿ ಪಟ್ಟಿ ಮಾಡಿ ತಂದುಕೊಟ್ಟಳು. ಓದಿದೆ, ಕೆಳಗೆ 'ನೋಡಿದೆ' ಎಂದು ಸಹಿ ಮಾಡಿದೆ. ಚಿತ್ರ ಕೂರಿಸಿದ ಮೇಲೆ ಪುಟವನ್ನು ಇನ್ನೊಮ್ಮೆ ನೋಡದೆ ಸಹಿ ಹಾಕಬಾರದು ಎಂಬುದು ಡೆಸ್ಕಿನ ನಿಯಮ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವಳು ನಾನೇ. ಆ ದಿನ ಬಟನ್ನಿನ ಮೇಲೆ ಅಂಕಿ ಹೇಗೆ ಕೂತಿದೆ ಎಂದು ನಾನು ನೋಡಲಿಲ್ಲ. ಶನಿವಾರ ಹೊಸ ರೂಪ ಎಲ್ಲರ ಫೋನಿಗೆ ಹೋಯಿತು. ಭಾನುವಾರದವರೆಗೆ ಹಳೆಯ ಬಾಟಲಿ, ಹಳೆಯ ಪ್ರಮಾಣ; ಸೋಮವಾರದಿಂದ ಏಳೂ ಮಕ್ಕಳಿಗೆ ಹೊಸ ಔಷಧಿ, ಆರಂಭಕ್ಕೆ ಎಲ್ಲರಿಗೂ ಒಂದೇ ಪ್ರಮಾಣ, ಫೋನು ಹೇಳಿದಷ್ಟು ಎಂದು ಚಿಕಿತ್ಸಾಲಯದವರು ತಾಯಂದಿರಿಗೆ ತಿಳಿಸಿದ್ದರು.

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊಸ ರೂಪ ಹೇಗಿದೆಯೆಂದು ಕೇಳಲು ನಾನೂ ಸೆಲ್ವಿಯೂ ಚಿಕಿತ್ಸಾಲಯಕ್ಕೆ ಹೋಗಿದ್ದೆವು. ಶರಣಮ್ಮ ಎಂಬವರು ಒಳಗೆ ಬಂದರು. ಯಾದಗಿರಿ ಕಡೆಯವರು, ಕೆ.ಆರ್. ಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಮನೆಗೆಲಸ ಮಾಡುತ್ತಿದ್ದರು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಭಾಗ್ಯ. ಇನ್ನೊಂದು ಕೈಯಲ್ಲಿ ಸ್ಟೀಲ್ ಲೋಟ. ಅದರ ಬಾಯಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು.

"ಸಿಸ್ಟರ್, ಇಷ್ಟೂ ಕುಡಿಸಬೇಕೇನ್ರಿ ಕೂಸಿಗಿ?"

ನರ್ಸ್ ಕವರ್ ಬಿಚ್ಚಿ ನೋಡಿದರು. "ಅರೆ ಅಲ್ಲಾ! ಎಷ್ಟಿದೆ ಇದು?"

"ಇಪ್ಪತ್ತು ಅದ ರೀ. ಫೋನಿನ್ಯಾಗ ಹಂಗೇ ಬಂದದ. ಐದರ ಪಿಚಕಾರಿ ನಾಕು ಸಲ ತುಂಬಿ ಹಾಕಿದೆ. ಆಮ್ಯಾಲ ಲೋಟ ನೋಡಿದೆ, ಕೂಸಿನ ಕಡಿ ನೋಡಿದೆ. ಕೂಸಿನ ಹೊಟ್ಟಿರೆ ಏಟದ?"

"ಕುಡಿಸಿಬಿಟ್ರಾ? ಒಂದ್ ಗುಟುಕಾದ್ರೂ?"

"ಒಂದು ಹನಿನೂ ಇಲ್ರಿ."

"ಫೋನ್ ಮಾಡಿ ಕೇಳೋದಲ್ವಾ?"

"ಫೋನಿನ್ಯಾಗ ಬಂದಷ್ಟು ಕೊಡ್ಲೇನ್ರಿ ಅಂತ ಕೇಳಿದ್ರ ನೀವು ಹ್ಞೂಂ ಅಂತಿದ್ರಿ. ಕಣ್ಣಿಲೆ ನೋಡ್ರಿ ಅಂತ ತಂದೆ."

ನರ್ಸ್ ವೈದ್ಯರ ಚೀಟಿ ನೋಡಿ, ಬೇರೆ ಬಾಟಲಿಯಿಂದ ಎರಡು ಮಿಲಿಲೀಟರ್ ಅಳೆದು ಮೊದಲು ಮಗುವಿಗೆ ಕುಡಿಸಿದರು. ಮಗು ಮುಖ ಕಿವುಚಿ ಸಕ್ಕರೆ ಕೇಳಿತು.

"ಎರಡೇ ಇದ್ಯಲ್ಲ ಮೇಡಂ," ಎಂದು ಸೆಲ್ವಿ ತನ್ನ ದೊಡ್ಡ ಫೋನ್ ತೋರಿಸಿದಳು. ಅದರಲ್ಲಿ ಕೆಂಪು ಬಟ್ಟೆಯ ಮೇಲೆ ಬಿಳಿಯ ೨ ಇತ್ತು. ಶರಣಮ್ಮನ ಸಣ್ಣ ಫೋನನ್ನು ನಾನು ಕೈಗೆ ತೆಗೆದುಕೊಂಡೆ. ಅದರಲ್ಲಿ ೨೦ ಇತ್ತು. ಮೂರು ಸಲ ನೋಡಿದೆ. ಸಣ್ಣ ಪರದೆಯಲ್ಲಿ ಚಿತ್ರದ ಜೋಡಣೆ ಸರಿದು, ಒಂದು ದೊಡ್ಡ ಉಂಗುರ ಎರಡರ ಮಗ್ಗುಲಿಗೇ ಬಂದು ಕೂತಿತ್ತು. ಅದೇ ಬಿಳುಪು, ಅದೇ ಗಾತ್ರ. ಇಂಗ್ಲಿಷಿನ ಸೊನ್ನೆ ಉದ್ದಕ್ಕಿರುತ್ತದೆ, ಅಂಕಿ ಇಂಗ್ಲಿಷಿನಲ್ಲಿದ್ದಿದ್ದರೆ ಬಹುಶಃ ಅನುಮಾನ ಬರುತ್ತಿತ್ತು. ನಮ್ಮದು ಉಂಗುರದಷ್ಟೇ ದುಂಡಗೆ.

"ಕಡವುಳೇ, ದೇವ್ರೇ, ನಮ್ಮಮ್ಮನ ದುಪಟ್ಟಾ," ಎಂದು ಸೆಲ್ವಿ ಬಾಯಿಗೆ ಕೈ ಒತ್ತಿಕೊಂಡಳು.

ನಮ್ಮ ಮುಖ ನೋಡಿ ಶರಣಮ್ಮ ಹೆದರಿದರು. "ನಂದೇ ತಪ್ಪಾತೇನ್ರಿ? ಐದನೇತ್ತಾ ತನಕ ಅಷ್ಟೇ ಓದೀನಿ. ನೆಟ್ಟಗ ಓದಾಕ ಬರಲ್ರಿ."

"ನೀವು ಸರಿಯಾಗೇ ಓದಿದೀರಿ. ಅಲ್ಲಿ ಇಪ್ಪತ್ತೇ ಇದೆ. ತಪ್ಪು ನಂದು."

"ನೀವು ದೊಡ್ಡೋರು. ಹಂಗನಬ್ಯಾಡ್ರಿ," ಎಂದರು. ನನ್ನ ಮಾತನ್ನು ಅವರು ನಂಬಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೂತು ಉಳಿದ ಆರು ಮನೆಗಳಿಗೆ ಫೋನ್ ಮಾಡಿದೆವು. ಐವರು ಎರಡೇ ಕಾಣುತ್ತಿದೆ ಎಂದರು. ಕಮ್ಮನಹಳ್ಳಿಯ ಮನೆಯೊಂದರಲ್ಲಿ ಯಾರೂ ಎತ್ತಲಿಲ್ಲ. ಮೂರು ಸಲ ಪೂರ್ತಿ ರಿಂಗ್ ಆಗಿ ನಿಂತಿತು. ನಾಲ್ಕನೇ ಸಲ ಆ ತಾಯಿ ಎತ್ತಿ, "ಎರಡೇ ಕೊಟ್ಟಿದ್ದು, ಪಾಪು ಆಟ ಆಡ್ತಿದೆ, ಯಾಕೆ ಮೇಡಂ?" ಎಂದರು. ಎರಡೇ ಕೊಡಿ, ಫೋನಿನಲ್ಲಿ ಬೇರೇನು ಕಂಡರೂ ಮೊದಲು ನಮಗೆ ಹೇಳಿ ಎಂದೆ.

ಸಂಜೆಯೊಳಗೆ ಸೆಲ್ವಿ ಅಂಕಿಯ ಹಿಂದೆ ಚಿತ್ರವಿಲ್ಲದ ಒಂದು ಖಾಲಿ ಪಟ್ಟಿ ಹಾಕಿದಳು. ಪಕ್ಕದಲ್ಲಿ 'ಎರಡು' ಎಂದು ಅಕ್ಷರದಲ್ಲೂ ಬರೆದೆವು. ಅದಕ್ಕೆ ಮೊದಲು, ಚಿಕಿತ್ಸಾಲಯದಲ್ಲಿದ್ದಾಗಲೇ, ಬಟ್ಟೆಗಳನ್ನೇ ತೆಗೆದುಬಿಡುತ್ತೇನೆ ಎಂದು ಅವಳು ಹೊರಟಿದ್ದಳು. ತಡೆದವರು ಶರಣಮ್ಮ: "ಆ ಕೆಂಪು ಸೆರಗು ತೆಗೀಬ್ಯಾಡ್ರಿ. ನಮ್ಮ ಔಷಧ ಯಾವುದಂತ ಅದರಿಂದಲೇ ಗುರ್ತು."

ಹೋಗುವ ಮುಂಚೆ ಅವರು ಲೋಟದ ಔಷಧಿಯನ್ನು ಸಿಂಕಿಗೆ ಸುರಿದು ಮೂರು ಸಲ ತೊಳೆದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಬಿಟ್ಟುಹೋದ ಸೊನ್ನೆಗಳನ್ನು ಹುಡುಕುವುದರಲ್ಲೇ ನನ್ನ ನೌಕರಿ ಕಳೆದಿತ್ತು. ಯಾರೂ ಬರೆಯದ ಸೊನ್ನೆಯೊಂದು ತಾನಾಗಿ ಬಂದು ಕೂರಬಹುದೆಂದು ಎಂದೂ ಎಣಿಸಿರಲಿಲ್ಲ. ಈಗ ಎಂಥ ಪರದೆ ಬಂದರೂ, ಸಿಗುವ ಅತಿ ಸಣ್ಣ ಫೋನಿನಲ್ಲಿ ತೆರೆದು ನೋಡದೆ ಸಹಿ ಮಾಡುವುದಿಲ್ಲ. ಆದರೂ ಆ ವಾರದ ಕರಡನ್ನು ನಿಜವಾಗಿ ನೋಡಿದವರು ಶರಣಮ್ಮ. ಅವರು ಅಂಕಿ ಓದಿದರು, ಆಮೇಲೆ ಮಗುವಿನ ಕಡೆ ನೋಡಿದರು. ನಾನು ಪಟ್ಟಿಯನ್ನಷ್ಟೇ ನೋಡಿದ್ದೆ.