ಕಂಬದ ಮೇಲಿನ ಗೇಣು ಮಣ್ಣು

ಬೀದರಿನ ಗಾಂಧಿ ಗಂಜದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಭೂವಿಜ್ಞಾನ ಓದಲು ಹೊರಟಾಗ ಓಣಿಯವರು, "ಮಣ್ಣ ಹೊರೋ ಕೆಲಸಕ್ಕ ಇಷ್ಟು ಸಾಲಿ ಯಾಕ ಬೇಕವ್ವಾ?" ಎಂದು ಕಾಡಿಸುತ್ತಿದ್ದರು. ನನಗೋ ಕೋಪ ಮೂಗಿನ ತುದಿಯಲ್ಲೇ. ಆದರೂ ಅವರ ಮಾತು ಸುಳ್ಳಾಗಲಿಲ್ಲ; ನಾನು ಹೊತ್ತದ್ದು ಮಣ್ಣನ್ನೇ.

ಭಾಲ್ಕಿಯಿಂದ ಔರಾದ ಕಡೆಗೆ ಹೋಗುವಾಗ ಸಿಗುವ ಒಂದು ಹಳೆಯ ಕೆರೆಯ ಮೇಲೆ ನನ್ನ ಸಂಶೋಧನೆ. ಕೆರೆಯ ಒಂದು ಬದಿಗೆ ಕೆಂಪು ದಿಬ್ಬ, ಉಳಿದ ಕಡೆ ಕರಿಮಣ್ಣಿನ ಹೊಲಗಳು. ಕೆರೆಯಲ್ಲಿ ತುಂಬಿದ ಹೂಳು ಯಾವ ಕಡೆಯಿಂದ ಬಂತು, ಹಿಂದಿನ ಕಾಲದ ಮಳೆ ಅದನ್ನು ಎಷ್ಟು ತೊಳೆದಿತ್ತು ಎಂಬುದು ಪ್ರಶ್ನೆ. ಇದೇನೂ ಬ್ರಹ್ಮವಿದ್ಯೆಯಲ್ಲ. ಒಂದೇ ಚಹಾಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಕುದಿಸಿದರೆ ಬಣ್ಣ, ರುಚಿ ಹೋಗಿ ಚರಟ ಉಳಿಯುತ್ತದಲ್ಲ, ಹಾಗೆ. ಮಳೆ ಕಲ್ಲನ್ನು ತೊಳೆದಷ್ಟೂ ಅದರ ಸುಣ್ಣದ ಅಂಶ, ಸೋಡಿಯಂ ಹರಿದುಹೋಗುತ್ತವೆ. ಅಲ್ಯೂಮಿನಿಯಂ, ಕಬ್ಬಿಣ ಉಳಿಯುತ್ತವೆ. ದಿಬ್ಬದ ಜೇಡಿಯಲ್ಲಿರುವ ಖನಿಜವೇ ಬೇರೆ, ಹೊಲದ್ದೇ ಬೇರೆ. ಆದರೆ ಹೂಳು ಪದರದ ಮೇಲೆ ಪದರ ಕೂತ ಹಾಗೆಯೇ ಸಿಗಬೇಕು. ಕಲಸಿದ ಮಣ್ಣು ಏನನ್ನೂ ಹೇಳುವುದಿಲ್ಲ.

"ಈ ಬೇಸಿಗೆಯಲ್ಲಿ ಮಣ್ಣು ತರದಿದ್ದರೆ ಈ ವಿಷಯ ಬಿಟ್ಟುಬಿಡಿ" ಎಂದಿದ್ದರು ನನ್ನ ಮಾರ್ಗದರ್ಶಕರು. ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಕೆರೆ ಒಣಗಿದೆ ಎಂದು ಕೇಳಿ, ತಳಕ್ಕೇ ಇಳಿಯಬಹುದೆಂದು ಓಡಿದೆ. ಹೋಗಿ ನೋಡಿದರೆ, ಬರಗಾಲದ ಕಾಮಗಾರಿಯಲ್ಲಿ ಕೆರೆಯಂಗಳವನ್ನೆಲ್ಲ ಅಗೆದು ಹೂಳನ್ನು ಹೊಲಗಳಿಗೆ ಸಾಗಿಸಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಏರಿಯ ಮೇಲೆ ಕೂತು ಅತ್ತುಬಿಟ್ಟೆ.

ಅಗೆಯುವ ಗುಂಪಿನ ಹಿರಿಯ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಹತ್ತಿರ ಬಂದಳು. "ಯಾಕ ಅಳ್ತಿ ತಂಗಿ? ಏನ್ ಕಳಕೊಂಡಿ?"

"ಮಣ್ಣು" ಎಂದೆ. ಆಕೆ ನಕ್ಕೇಬಿಟ್ಟಳು. ಈ ಮಣ್ಣು ಎಲ್ಲಿಂದ ಬಂದಿದೆ ಎಂದು ತಿಳಿಯಬೇಕಿತ್ತು, ಯಾರೂ ಕದಡದ ಮಣ್ಣು ಬೇಕಿತ್ತು ಎಂದು ವಿವರಿಸಿದೆ. ಆಕೆ ಗುಂಡಿಯ ನಡುವೆ ಕೈ ತೋರಿಸಿದಳು. "ಅಗೋ, ಅಲ್ಲಿ ನಿಂತಾನಲ್ಲ, ಅವನ್ನ ಯಾರೂ ಕದಡಿಲ್ಲ ನೋಡು."

ಅಲ್ಲಿ ಎದೆಮಟ್ಟದ ಒಂದು ಮಣ್ಣಿನ ಕಂಬವಿತ್ತು. ಎಷ್ಟು ಆಳ ಅಗೆದರೆಂದು ಅಳೆಯಲು ಗುಂಡಿಯ ನಡುವೆ ಅಷ್ಟು ಮಣ್ಣನ್ನು ಮುಟ್ಟದೆ ಬಿಡುವುದು ಈ ಕೆಲಸದ ಪದ್ಧತಿ. ಕಾಮಗಾರಿಯ ಸಾಹೇಬರು ಅದಕ್ಕೆ ಟೇಪು ಹಿಡಿದು, ಆಳಕ್ಕೆ ತಕ್ಕ ಕೂಲಿ ಬರೆದ ಮೇಲೆ ಕೆಡವುತ್ತಾರೆ. ಉಳಿದವನ್ನು ಕೆಡವಿಯಾಗಿತ್ತು, ಇದೇ ಕೊನೆಯದು. ಅವತ್ತು ಅಳತೆ ಮುಗಿದರೆ ಗುಂಪು ಕೂಲಿ ಹಿಡಿದು ಲಾರಿ ಹತ್ತಿ ಹೈದರಾಬಾದಿಗೆ, ಕಟ್ಟಡದ ಕೆಲಸಕ್ಕೆ ಹೋಗುವುದಿತ್ತು.

"ಒಂದ ಮಗ್ಗಲಿಂದ ಕೆತ್ತಿಕೋ. ಬೀಳಿಸಬ್ಯಾಡ ಮತ್ತ" ಎಂದಳು.

ಬುಡದಿಂದ ಶುರು ಮಾಡಿದೆ. ಒಂದೊಂದೇ ಪದರವನ್ನು ಚಾಕುವಿನಿಂದ ಬಿಡಿಸಿ ಚೀಲಕ್ಕೆ ಹಾಕುತ್ತ ಬಂದೆ. ಎಲ್ಲವೂ ಕಪ್ಪು, ಬೂದು, ಮತ್ತೆ ಕಪ್ಪು. ಕೊನೆಗೆ ತುದಿಯ ಹೊರಮೈಯ ಧೂಳು ಕೆರೆದರೆ, ಅಲ್ಲಿನ ಒಂದು ಗೇಣು ಮಾತ್ರ ಕೆಂಪು! ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು. ಇತ್ತೀಚಿನ ಬರಗಳಲ್ಲಿ ದಿಬ್ಬ ಬೋಳಾಗಿ ಅದರ ಮಣ್ಣು ಕೆರೆಗೆ ಇಳಿದಿದೆ ಎಂದು ಪ್ರಬಂಧದ ಕೊನೆಯ ಅಧ್ಯಾಯವನ್ನು ನಿಂತಲ್ಲೇ ಬರೆದು ಮುಗಿಸಿದೆ.

"ಅಕ್ಕಾ, ಈ ಕೆಂಪು ಮಣ್ಣ ದಿಬ್ಬದಿಂದ ಬಂದದ ನೋಡ್ರಿ! ನಾ ಪಾಸ್ ಆದಂಗೇ!"

ಆಕೆಯ ನಗು ಹೋಯಿತು. ಬೇವಿನ ಕೆಳಗೆ ಚಹಾ ಕುಡಿಯುತ್ತಿದ್ದ ಸಾಹೇಬರ ಕಡೆ ಒಮ್ಮೆ ನೋಡಿದಳು. ತಲೆಯ ಮೇಲಿನ ಸಿಂಬಿ ಬಿಚ್ಚಿ ಸುತ್ತುವ ನೆವದಲ್ಲಿ ನನ್ನ ಪಕ್ಕ ಕೂತು, ಸಣ್ಣ ದನಿಯಲ್ಲಿ ಹೇಳಿದಳು:

"ತಂಗಿ, ಆ ಮ್ಯಾಲಿನ ಗೇಣು ಕೆರಿದಲ್ಲ. ಏರಿ ಮ್ಯಾಲಿನ ಮಣ್ಣ ತಂದು ನಾವ ಮೆತ್ತೀವಿ."

ಕಂಬ ಎತ್ತರವಾದರೆ ಗುಂಡಿ ಆಳವಾಗಿ ಕಾಣುತ್ತದೆ, ಅಷ್ಟೇ ಉಪಾಯ. ಏರಿಯ ದುರಸ್ತಿಗೆ ತಂದಿದ್ದ ಕೆಂಪು ಮಣ್ಣನ್ನು ಕುಡಿಯುವ ನೀರಿನಲ್ಲೇ ಕಲಸಿ, ಮೆತ್ತಿ, ಹಳೆಯ ನೆಲದಂತೆ ಕಾಣಲೆಂದು ಮೇಲೆ ಒಣ ಹುಲ್ಲಿನ ಬೇರು ಊರಿದ್ದರು. ಸಾಹೇಬರ ಕಿವಿಗೆ ಬಿದ್ದರೆ ಇಡೀ ಗುಂಪಿನ ಕೂಲಿ ನಿಲ್ಲುತ್ತಿತ್ತು, ಲಾರಿ ಹೊರಡುತ್ತಿರಲಿಲ್ಲ. ನಾನು ಯಾರೋ, ಎಲ್ಲಿಯವಳೋ.

"ನನಗ್ಯಾಕ ಹೇಳಿದ್ರಿ ಅಕ್ಕಾ?"

"ಮಣ್ಣ ಎಲ್ಲಿಂದ ಬಂದದ ಅಂತ ನೀನೇ ಕೇಳಿದಿ. ನಂಗ ಗೊತ್ತಿತ್ತು. ಸುಮ್ಮನಿದ್ರ ನಿನ್ನ ಓದು ಸುಳ್ಳ ಆಗ್ತಿತ್ತಲ್ಲ."

ಅಷ್ಟರಲ್ಲಿ ಸಾಹೇಬರು ಟೇಪು ಹಿಡಿದು ಬಂದೇಬಿಟ್ಟರು. ಕಂಬವನ್ನು ಸುತ್ತಿ ನೋಡಿ, "ಏನ್ರಿ, ಕೆಳಗಿಂದೆಲ್ಲ ಕೆತ್ತೀರಿ, ಮ್ಯಾಲಿನ ಕೆಂಪು ಮಣ್ಣ ಯಾಕ ಬಿಟ್ರಿ?" ಎಂದರು. ಆಕೆ ನೆಲ ನೋಡುತ್ತ ನಿಂತಳು.

"ನನಗ ಹಳೀ ಮಣ್ಣ ಸಾಕ್ರಿ ಸಾಹೇಬ್ರ" ಎಂದೆ. ಅವರು ತಲೆಯಾಡಿಸಿ, ತುದಿಯಿಂದ ಬುಡದವರೆಗೆ ಟೇಪು ಬಿಟ್ಟು ಬರೆದುಕೊಂಡರು. ಸಂಜೆ ಲಾರಿ ಹೊರಟಿತು. ಮಡಕೆ, ಗುದ್ದಲಿಗಳ ನಡುವೆ ಕೂತಿದ್ದ ಆಕೆ ನನ್ನತ್ತ ಕೈ ಬೀಸಿದಳು.

ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕೆಂಪು ದಿಬ್ಬದ ಖನಿಜ ಹುಡುಕಿದರೂ ಸಿಗುವಷ್ಟಿರಲಿಲ್ಲ. ಕೆರೆ ತುಂಬಿದ್ದು ಸುತ್ತಲ ಹೊಲಗಳ ಕರಿಮಣ್ಣಿನಿಂದಲೇ. ಬುಡದ ಪದರಗಳನ್ನು ಮಳೆ ಚೆನ್ನಾಗಿ ತೊಳೆದಿತ್ತು, ಮೇಲೆ ಬಂದಂತೆ ಕಡಿಮೆ ತೊಳೆದಿತ್ತು; ಎಂದರೆ ಮಳೆ ಬರಬರುತ್ತ ಇಳಿದಿತ್ತು. ಆ ಗೇಣು ಸೇರಿಸಿದ್ದರೆ ನನ್ನ ಪ್ರಬಂಧ ತಲೆಕೆಳಗಾಗಿರುತ್ತಿತ್ತು, ಅದೂ ನನ್ನ ಪೂರ್ತಿ ನಂಬಿಕೆಯೊಂದಿಗೆ.

ಕೃತಜ್ಞತೆಯ ಪುಟ ಬರೆಯಲು ಕೂತಾಗ ಗುರುಗಳನ್ನು, ಪ್ರಯೋಗಾಲಯದವರನ್ನು, ಅಪ್ಪ ಅವ್ವನನ್ನು ನೆನೆದೆ. ಆಕೆಯ ಹೆಸರು ನನಗೆ ಗೊತ್ತಿತ್ತು. ಪೆನ್ನು ಎತ್ತಿ, ಇಟ್ಟೆ. ಹೆಸರು ಕಂಡರೆ ಗುಟ್ಟು ಬಯಲಾಗಬಹುದಿತ್ತು; ಮುಂದಿನ ಬೇಸಿಗೆಗೆ ಊರಿಗೆ ಮರಳಿ ಆಕೆ ಅದೇ ಸಾಹೇಬರ ಕೆಳಗೇ ಅಗೆಯಬೇಕಿತ್ತು. ನನ್ನ ಓದಿಗಾಗಿ ತನ್ನವರೆಲ್ಲರ ಅನ್ನವನ್ನು ಪಣಕ್ಕಿಟ್ಟವಳನ್ನು ಆ ಪುಟದಿಂದ ಹೊರಗೇ ಇಡಬೇಕಾಯಿತು. ಇಲ್ಲೂ ಹೆಸರು ಬರೆಯುವುದಿಲ್ಲ. ಆದರೆ ಅಕ್ಕಾ, ನಾ ಪಾಸ್ ಆದೆ ರೀ.