ಹಸಿರೆಲೆಯನ್ನು ನಂಬದ ಶೇಷಾಚಲಯ್ಯ

ಯಾರಾದರೂ "ಗಿಡ ಸೊಂಪಾಗಿದೆ" ಎಂದರೆ ಸಾಕು, ಶೇಷಾಚಲಯ್ಯನವರ ಮೂಗು ಒಂದು ಪಕ್ಕಕ್ಕೆ ಸೊಟ್ಟಗಾಗುತ್ತಿತ್ತು. ಎಡಕ್ಕೆ ತಿರುಗಿದರೆ ಎದುರಿಗಿದ್ದವನು ಬರೀ ದಡ್ಡ. ಬಲಕ್ಕೆ ತಿರುಗಿದರೆ ಓದಿದ ದಡ್ಡ. ನಂಜನಗೂಡಿನ ನಮ್ಮ ಬೀದಿಯಲ್ಲಿ ಆ ಮೂಗಿನಿಂದ ತಪ್ಪಿಸಿಕೊಂಡವರೇ ಇರಲಿಲ್ಲ. ಹುಲ್ಲಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ನನ್ನ ಪಾಲಿಗೆ ಬಂದದ್ದು ಬಲಗಡೆ.

ನೀಲಗಿರಿಯ ಹಣ್ಣಿನ ತೋಟವೊಂದರಲ್ಲಿ ಕೆಲಸ ಮಾಡಿ, ಎಪ್ಪತ್ತರ ದಶಕದ ನಡುವಿನಲ್ಲಿ ನಿವೃತ್ತರಾಗಿ ಊರಿಗೆ ಬಂದವರು ಅವರು. ಕಲಿತದ್ದೆಲ್ಲ ಪ್ಲಮ್, ಪೀಚ್ ಮರಗಳಿಗೆ ತಗಲುವ ವೈರಸ್ ರೋಗದ ವಿದ್ಯೆ. ಬಂದು ನೆಲೆಸಿದ್ದು ಭತ್ತ, ಕಬ್ಬು, ಬಾಳೆಯ ಸೀಮೆಯಲ್ಲಿ. ಪ್ಲಮ್ ಹಣ್ಣನ್ನು ನಾವು ಊಟಿ ಬಸ್ಸಿನಿಂದ ಇಳಿದವರ ಚೀಲದಲ್ಲಿ ಕಂಡಿದ್ದೆವೇ ಹೊರತು ಮರದಲ್ಲಲ್ಲ. ಅಷ್ಟೊಂದು ವಿದ್ಯೆ ಇಟ್ಟುಕೊಂಡು, ಕೇಳುವವರಿಲ್ಲದೆ ಜಗಲಿಯ ಮೇಲೆ ಕುಳಿತ ಮನುಷ್ಯ ಇನ್ನೇನು ಮಾಡಿಯಾರು? ಬೈಯುತ್ತಿದ್ದರು.

ಒಮ್ಮೆ ಬಿಳಿಗೆರೆಯ ರೈತ ಮಾದಪ್ಪ ಸುರುಟಿಕೊಂಡ ಪರಂಗಿ ಎಲೆ ಹಿಡಿದು ಬಂದ.

"ಸಾ, ಇದಕ್ಕೊಂದು ಔಸ್ದಿ ಯೋಳಿ."

"ವೈರಸ್ಸು. ಔಷಧಿ ಇಲ್ಲ. ಕಿತ್ತು ಸುಡು."

"ಅಂಗಡಿಯವ್ನು ಪೌಡ್ರು ಕೊಟ್ಟವ್ನೆ, ಒಡೀಲಾ?"

"ಹೊಡಿ. ಅಂಗಡಿಯವನು ಉದ್ಧಾರ ಆಗ್ತಾನೆ."

ಮಾದಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಸುಡಾಕೆ ಬೆಂಕಿ ನಮ್ಮಟ್ಟೀಲೇ ಇತ್ತಲ್ಲ ಸಾ. ಬಸ್ ಚಾರ್ಜ್ ಕೊಟ್ಕಂಡು ಇಲ್ಲೀಗಂಟ ಯಾಕ್ ಬಂದೆ ನಾನು?"

ಮೂಗು ಎಡಕ್ಕೆ ತಿರುಗಿತು. ಒಳಗೆ ಅವರ ಹೆಂಡತಿ ಜಾನಕಮ್ಮ ನಕ್ಕಿದ್ದು ಬೀದಿಗೆ ಕೇಳಿಸಿತು.

ಇಂಥವರ ಹಿತ್ತಿಲಿನಲ್ಲಿ ಒಂದು ಪ್ಲಮ್ ಮರವಿತ್ತು. ನೀಲಗಿರಿಯ ಆ ತೋಟದ ಪ್ಲಮ್ ಸಾಲುಗಳೆಲ್ಲ ಎಲೆಯಲ್ಲಿ ಉಂಗುರದಂಥ ಮಚ್ಚೆ ಎದ್ದು ಸೊರಗಿದಾಗ, ನಡುವೆ ಒಂದೇ ಒಂದು ಮರ ಏನೂ ಆಗದಂತೆ ನಿಂತಿತ್ತಂತೆ. ವೈರಸ್ಸನ್ನು ತಡೆಯುವ ಶಕ್ತಿ ಅದರ ಹುಟ್ಟಿನಲ್ಲೇ ಇದೆ ಎಂದು ಇವರು ಹೇಳಿದ್ದನ್ನು ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಟ್ಟಡಕ್ಕೆ ಜಾಗ ಬೇಕೆಂದು ಕಡಿಸಿಯೇಬಿಟ್ಟರು. ಕಡಿಯುವ ಮುಂಚೆ ಅದರ ಕಣ್ಣು, ಎಂದರೆ ರೆಂಬೆಯ ಚಿಗುರುಮೊಗ್ಗು, ತೆಗೆದು ಬೇರೆ ಗಿಡಕ್ಕೆ ಕಸಿ ಕಟ್ಟಿ, ಆ ಸಸಿಯನ್ನು ಊರಿಗೆ ತಂದಿದ್ದರು. ಆ ತಳಿಯಲ್ಲಿ ಉಳಿದದ್ದು ಅದೊಂದೇ. ನಮ್ಮ ಬಿಸಿಲಿಗೆ ಅದು ಹಣ್ಣು ಬಿಡುವ ಜಾತಿಯಲ್ಲ. ಅದನ್ನು ಹೇಳಿದರೆ, "ನೀವು ತಿನ್ಲಿ ಅಂತ ತಂದಿದೀನೇನ್ರೀ ಮೇಷ್ಟ್ರೇ?" ಎನ್ನುವರು.

ಆ ಮರದ ಬೆಲೆ ಬಲ್ಲವನು ಭೋಜನ್ ಒಬ್ಬನೇ. ಹಿಂದೆ ಇವರ ಕೈಕೆಳಗೆ ಪಳಗಿ, ಈಗ ಕೂನೂರಿನಲ್ಲಿ ನರ್ಸರಿ ಇಟ್ಟವನು. "ಕಣ್ಣು ಕೊಡಿ ಸಾರ್, ಬೆಟ್ಟದ ತುಂಬ ನಿಮ್ಮ ಹೆಸರಿನ ಪ್ಲಮ್ ಬೆಳೆಸ್ತೀನಿ" ಎಂದು ದುಂಬಾಲು ಬಿದ್ದಿದ್ದ. ಪರೀಕ್ಷೆ ಆಗದೆ ಕೊಡುವುದಿಲ್ಲ ಎಂದರು ಇವರು. ಪರೀಕ್ಷೆ ಎಂದರೆ, ಮರದ ಕಣ್ಣನ್ನು ಎಳೆಯ ಪೀಚ್ ಗಿಡಕ್ಕೆ ಕಟ್ಟುವುದು. ಒಳಗೆ ವೈರಸ್ ಅಡಗಿದ್ದರೆ ಮರ ಬಚ್ಚಿಟ್ಟದ್ದನ್ನು ಪೀಚಿನ ಎಲೆ ಹೇಳಿಬಿಡುತ್ತದೆ.

ಹಾಗೆ ಕಣ್ಣು ಕಟ್ಟಿದ ಕುಂಡದ ಪೀಚ್ ಗಿಡಗಳು ಬೇಸಗೆಯಿಡೀ ಚೊಕ್ಕಟವಾಗಿ ಚಿಗುರಿದವು. ಬಿಸಿಲು ಜೋರಾಗಿದ್ದಾಗ ಮಚ್ಚೆ ಮರೆಯಾಗಿರುತ್ತದೆ ಎಂದು ಬೀದಿಗೆಲ್ಲ ಪಾಠ ಹೇಳಿದವರು ಇವರೇ. ಬೇರೆಯವರ ಮರವಾಗಿದ್ದರೆ ಚಳಿಗಾಲದವರೆಗೆ ಬಾಯಿ ಬಿಡುತ್ತಿರಲಿಲ್ಲ. ತಮ್ಮದಲ್ಲವೇ! ಧನುರ್ಮಾಸದಲ್ಲಿ ಬಂದು ಕಣ್ಣು ಒಯ್ಯಿ ಎಂದು ಭೋಜನ್‌ಗೆ ಆಗಲೇ ಹೇಳಿ ಕಳಿಸಿದರು. ನನ್ನನ್ನು ಕರೆದು ಕಾಫಿ ಕೊಟ್ಟರು. ಅವತ್ತು ಮೂಗು ನೆಟ್ಟಗಿತ್ತು.

ಭೋಜನ್ ಜೀಪಿನಲ್ಲಿ ಬಂದಿಳಿದಾಗ ಚಳಿ ಬಿದ್ದು ಕೆಲವು ದಿನಗಳಾಗಿದ್ದವು. ನಾನೂ ಅವನೂ ಹಿತ್ತಿಲಿಗೆ ಹೋದರೆ, ಶೇಷಾಚಲಯ್ಯನವರು ಪೀಚಿನ ಹೊಸ ಎಲೆಯೊಂದನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಎಲೆಯ ತುಂಬ ತಿಳಿಹಳದಿ ಉಂಗುರಗಳು.

"ಜೀಪ್ ತಿರುಗಿಸ್ಕೋ" ಎಂದರು.

"ಮರ ಚೆನ್ನಾಗೇ ಇದೆಯಲ್ಲ ಸಾರ್. ಯಾರಿಗೆ ಗೊತ್ತಾಗುತ್ತೆ?"

"ಚೆನ್ನಾಗಿರೋದೇ ಕಣೋ ಇದರ ಕೇಡು! ರೋಗ ಹೊಟ್ಟೇಲಿಟ್ಕೊಂಡು ನಗ್ತಾ ನಿಂತಿದೆ. ಇದಕ್ಕೇನೂ ಆಗಲ್ಲ, ಇದರ ಕಣ್ಣು ಕಟ್ಟಿದ ಗಿಡಕ್ಕೆ, ಅದರ ಪಕ್ಕದ ಗಿಡಕ್ಕೆ ಆಗುತ್ತೆ. ರೋಗ ತಡೆಯೋದೇ ಬೇರೆ, ಸಹಿಸ್ಕೊಳ್ಳೋದೇ ಬೇರೆ ಅಂತ ನಿಂಗೆ ಹೇಳ್ಕೊಟ್ಟ ಗೂಬೆ ಯಾರು? ನಾನೇ ತಾನೆ? ಚಳಿ ಬರೋವರೆಗೂ ಕಾಯಕ್ಕಾಗ್ಲಿಲ್ಲ ಆ ಗೂಬೆಗೆ."

ಅವರು ತಮ್ಮನ್ನೇ ಬೈದುಕೊಂಡದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಮಾಧಾನಕ್ಕೆಂದು, "ಮರ ಇದ್ದರೆ ಇರಲಿ ಬಿಡಿ, ಇಲ್ಲಿ ಪಕ್ಕದಲ್ಲಿ ಬೇರೆ ಪ್ಲಮ್ ಇಲ್ಲವಲ್ಲ" ಎಂದೆ.

"ಇದ್ರೆ ಇವನು ಇನ್ನೊಂದ್ಸಲ ಬರ್ತಾನೆ ಕಣ್ರೀ. ನಾನೂ ಇನ್ನೊಂದ್ಸಲ ಆಸೆ ಪಡ್ತೀನಿ."

ಭೋಜನ್ ಬರಿಗೈಯಲ್ಲಿ ಹೋದ. ಅವತ್ತೇ ಆಳು ಕರೆಸಿ ಮರವನ್ನು ಬುಡಸಮೇತ ಕೀಳಿಸಿದರು. ಬೇರು ಸರಿಯಾಗಿ ಅಗೆಯಲಿಲ್ಲವೆಂದು ಆಳನ್ನೂ ಬೈದರು.

ಅವರನ್ನು ಕಡೆಯ ಸಲ ನೋಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಟಿ. ನರಸೀಪುರದ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಭೋಜನ್‌ಗೆ ಬೇರೊಂದು ಒಳ್ಳೆಯ ಪ್ಲಮ್ ಸಿಕ್ಕಿದೆಯಂತೆ ಎಂದೆ.

"ಪೀಚಿಗೆ ಕಟ್ಟಿ ನೋಡಿದ್ನಾ?"

"ನೋಡಿದಾನಂತೆ. ಎಲೆ ಚೊಕ್ಕಟವಾಗಿದೆಯಂತೆ."

"ಯಾವ ತಿಂಗಳಲ್ಲಿ?"

"ಅದನ್ನ ಕೇಳಲಿಲ್ಲ."

"ಮುಖ್ಯವಾದದ್ದು ಬಿಟ್ಟು ಮಿಕ್ಕಿದ್ದೆಲ್ಲ ಕೇಳ್ಕೊಂಡು ಬಂದಿದೀರಿ. ಕೇಳಿ ಹೋಗಿ!" ಎಂದು ಕಾಫಿ ಮುಗಿಯುವ ಮೊದಲೇ ನನ್ನನ್ನು ಎಬ್ಬಿಸಿದರು.

ಭೋಜನ್‌ಗೆ ಕಾಗದ ಬರೆದು ಕೇಳಿದೆ. ಉತ್ತರ ಬಂದ ಮೇಲೆ ನರಸೀಪುರದ ಬಸ್ಸು ಹತ್ತಿದೆ. ಬಾಗಿಲು ತೆರೆದವರು ಜಾನಕಮ್ಮ. ಹಣೆ ಬರಿದಾಗಿತ್ತು. ಬಂದ ದಾರಿಗೆ ತಿರುಗಿದೆ.

"ಬನ್ನಿ ಒಳಗೆ" ಎಂದರು ಅವರು. "ಕೊನೇವರೆಗೂ ಅದನ್ನೇ ಕೇಳ್ತಿದ್ರು. ಯಾವ ತಿಂಗಳಂತೆ?"

"ಪುಷ್ಯ" ಎಂದೆ. "ಒಳ್ಳೆ ಚಳೀಲಿ."